ಬಳೆ, ದಾರ ಮತ್ತು ಏಳನೇ ತರಗತಿಯ ಗಣಿತ

ಸಂಪಾದಕರೇ,

ನನ್ನ ಮಗಳು ಏಳನೇ ತರಗತಿ. ಕಳೆದ ವಾರ ವೃತ್ತದ ಪರಿಧಿಯ ಲೆಕ್ಕಗಳನ್ನು ಬೋರ್ಡ್ ನೋಡಿ ಪುಟಗಟ್ಟಲೆ ಬರೆದುಕೊಂಡು ಬಂದಿದ್ದಳು. ಪೈ ಅಂದ್ರೆ ಏನೇ ಎಂದು ಕೇಳಿದೆ. '22/7' ಎಂದಳು. ಅಷ್ಟೇ.

ಆ ಸಂಜೆ ಅಡುಗೆಮನೆಯಲ್ಲೇ ಕೂತು ಊಟದ ತಟ್ಟೆ, ಡಬ್ಬದ ಮುಚ್ಚಳ, ನನ್ನ ಬಳೆ ಮೂರಕ್ಕೂ ದಾರ ಸುತ್ತಿ ಅಳೆದು, ಅಡ್ಡಳತೆಯಿಂದ ಭಾಗಿಸಿದೆವು. ಹಾಗೆ ಭಾಗಿಸಿದಾಗ ಬರುವುದೇ ಪೈ, ಯಾವ ವೃತ್ತಕ್ಕಾದರೂ ಸುಮಾರು 3.14. ತಟ್ಟೆಗೆ 3.13, ಮುಚ್ಚಳಕ್ಕೆ 3.15. ಬಳೆಗೆ ಮಾತ್ರ 3.3! ಯಾಕೆ ಜಾಸ್ತಿ ಬಂತು? ನಾನು ಸುಮ್ಮನಿದ್ದೆ. ಹತ್ತು ನಿಮಿಷ ತಿರುಗಿಸಿ ತಿರುಗಿಸಿ ನೋಡಿ, 'ದಾರ ಸುತ್ತಿದ್ದು ಹೊರಗೆ, ಸ್ಕೇಲ್ ಇಟ್ಟಿದ್ದು ಒಳಗೆ, ಅದಕ್ಕೇ ಅಮ್ಮಾ' ಎಂದು ಅವಳೇ ಕಂಡುಹಿಡಿದಳು.

ಇಂಥದ್ದನ್ನು ಆಟ ಅಂತ ತಳ್ಳಿಹಾಕುವವರಿದ್ದಾರೆ. ಆದರೆ ತಪ್ಪು ಎಲ್ಲಾಯ್ತು ಅಂತ ಹುಡುಕೋದು ನಕಲು ಮಾಡೋದಕ್ಕಿಂತ ಕಷ್ಟದ ಕೆಲಸ ಅಲ್ವಾ?

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿ ನಮ್ಮ ಸರ್ಕಾರಿ ಶಾಲೆಗಳ ಪುಟ್ಟ ಮಕ್ಕಳಿಗೆ ಕೈಯಾರೆ ಮಾಡಿ ಕಲಿಯುವ ರುಚಿ ಹತ್ತಿಸಿತು. ಅದು ಮೂರನೇ ತರಗತಿಗೇ ನಿಂತುಬಿಡುತ್ತದೆ. ಆರರಿಂದ ಎಂಟು, ಮಕ್ಕಳು ಎಲ್ಲದಕ್ಕೂ 'ಯಾಕೆ' ಎಂದು ವಾದಕ್ಕಿಳಿಯುವ ವಯಸ್ಸು, ಅಲ್ಲೇ ನಾವು ಅವರನ್ನು ನೋಟ್ಸ್‌ಗೆ ಕಟ್ಟಿಹಾಕುತ್ತಿದ್ದೇವೆ. ಮೇಷ್ಟ್ರುಗಳನ್ನು ದೂರುತ್ತಿಲ್ಲ. ಪಾಠ ಮುಗಿಸಬೇಕು, ದಾಖಲೆ ತುಂಬಬೇಕು, ಅವರಿಗೂ ಪುರುಸೊತ್ತಿಲ್ಲ. ಹೀಗೆ ಮಾಡಿ ನೋಡಲು ವಾರಕ್ಕೊಮ್ಮೆ ಗಣಿತಕ್ಕೂ ವಿಜ್ಞಾನಕ್ಕೂ ಎರಡು ಪೀರಿಯಡ್ ಒಟ್ಟಿಗೆ ಕೊಡಿ. ಪ್ರತಿ ಪರೀಕ್ಷೆಯಲ್ಲೂ 'ಹೀಗೇಕೆ ಬಂತು, ವಿವರಿಸಿ' ಎನ್ನುವ ಒಂದು ಪ್ರಶ್ನೆಯಾದರೂ ಇರಲಿ.

– ಒಬ್ಬ ತಾಯಿ, ಮೈಸೂರು