ಆ ವಯಲ್ ಹಾಳಾಗಿಲ್ಲ

ಗೋಥೆನ್‌ಬರ್ಗ್
ಭಾನುವಾರ

ಪ್ರೀತಿಯ ಸುಮಾಗೆ ಅಕ್ಕನ ಆಶೀರ್ವಾದಗಳು.

ನಾನು ಕ್ಷೇಮ. ನಿನ್ನ ಕಾಗದ ತಲುಪಿತು. ನೀನು ಸರಿಯಾಗಿ ಊಟ ಮಾಡ್ತಿಲ್ಲ ಅಂತ ಅಮ್ಮನೂ ಫೋನಿನಲ್ಲಿ ಹೇಳಿದರು. ರಾತ್ರಿಯೆಲ್ಲ ಕರೆಂಟ್ ಹೋಗಿ ಫ್ರೀಜರಿನಲ್ಲಿದ್ದ ವಯಲ್ (ಪುಟ್ಟ ಸೀಸೆ) ಕರಗಿತು, ಅದರಲ್ಲಿದ್ದ ಎಟಿ8 ಆಂಟಿಬಾಡಿ, ಅಂದರೆ ಮಿದುಳಿನ ಟೌ ಪ್ರೋಟೀನಿಗೆ ಫಾಸ್ಫೇಟ್ ಸೇರಿದೆಯೇ ಅಂತ ತೋರಿಸುವ ಪ್ರತಿಕಾಯ, ಕೆಟ್ಟಿತು, ಫೆಲೋಶಿಪ್ ದುಡ್ಡಲ್ಲಿ ಹೊಸದು ತರಿಸ್ತೀನಿ ಅಂತ ಬರೆದಿದ್ದೀಯ. ದಯವಿಟ್ಟು ಈಗಲೇ ತರಿಸಬೇಡ.

ಐಜಿಜಿ (ಎಟಿ8 ಸೇರಿದ ಪ್ರತಿಕಾಯಗಳ ಗುಂಪು) ಅಷ್ಟು ನಾಜೂಕಿನದಲ್ಲ. ಒಂದು ಸಲ ಕರಗಿದ್ದಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮತ್ತೆ ಮತ್ತೆ ಹೆಪ್ಪುಗಟ್ಟಿ ಕರಗಿದರೆ ಪ್ರೋಟೀನ್ ಗಂಟುಕಟ್ಟಿ ಕೆಡುತ್ತದೆ. ಫ್ರಾಸ್ಟ್-ಫ್ರೀ ಫ್ರೀಜರ್ ಬೇಡ ಅನ್ನುವುದೂ ಅದಕ್ಕೇ. ಅದು ಐಸ್ ಕರಗಿಸಲು ಆಗಾಗ ಬಿಸಿಯಾಗುತ್ತದೆ. ಡೇಟಾಶೀಟ್ ನೋಡು. 50% ಗ್ಲಿಸರಾಲ್ ಇದ್ದರೆ ಮೈನಸ್ 20ರಲ್ಲೂ ಅದು ದ್ರವವಾಗಿಯೇ ಇರುತ್ತದೆ, ಸಣ್ಣ ಟ್ಯೂಬುಗಳಿಗೆ ಹಂಚಿಡುವ ಅಗತ್ಯವಿಲ್ಲ, ಮೈನಸ್ 80ಕ್ಕೆ ಹಾಕಬೇಡ. ಗ್ಲಿಸರಾಲ್ ಇಲ್ಲದಿದ್ದರೆ 10 ಮೈಕ್ರೋಲೀಟರಿಗೆ ಕಡಿಮೆಯಾಗದಂತೆ ಹಂಚಿಡು. ಅದಕ್ಕಿಂತ ಕಡಿಮೆಯಾದರೆ ಟ್ಯೂಬಿನ ಗೋಡೆಗೆ ಅಂಟಿಯೇ ಸಾಕಷ್ಟು ಹೋಗುತ್ತದೆ. ಕರಗಿಸಿದ್ದನ್ನು 4 ಡಿಗ್ರಿಯಲ್ಲಿಟ್ಟು ಬಳಸಿ ಮುಗಿಸು. ತೆರೆಯುವ ಮೊದಲು ಒಂದು ಸಲ ಸ್ಪಿನ್ ಮಾಡು (ಸೆಂಟ್ರಿಫ್ಯೂಜಿನಲ್ಲಿ ತಿರುಗಿಸು), ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲ್ಲಾಡಿಸಬೇಡ.

ಇಲ್ಲಿ ಮೈನಸ್ 80 ಫ್ರೀಜರ್ ಸ್ವಲ್ಪ ಬಿಸಿಯಾದರೂ ಫೋನಿಗೆ ಎಚ್ಚರಿಕೆ ಬರುತ್ತದೆ, ನಡುರಾತ್ರಿಯಾದರೂ ಯಾರಾದರೂ ಓಡಿಬರುತ್ತಾರೆ. ಹಾಗಂತ ಬ್ಲಾಟ್ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಮೆಂಬ್ರೇನಿನ ಮೇಲೆ ಗೆರೆಗಳಾಗಿ ನೋಡುವ ಪರೀಕ್ಷೆ) ನಮ್ಮೂರಿಗಿಂತ ಚೆನ್ನಾಗೇನೂ ಬರುವುದಿಲ್ಲ.

ನಿನ್ನ ನಿಜವಾದ ತೊಂದರೆ ಬೇರೆ ಇದೆ. ಬ್ಲಾಟಿನ ಎಲ್ಲ ಲೇನಲ್ಲೂ (ಸ್ಯಾಂಪಲ್ ಓಡುವ ಸಾಲು), ಟೌ ಜೀನನ್ನೇ ತೆಗೆದ ನಾಕೌಟ್ ಇಲಿಯಲ್ಲೂ, 50 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ದಪ್ಪ ಗೆರೆ ಅಂದೆಯಲ್ಲ, ಅದು ಟೌ ಅಲ್ಲ. ಎಟಿ8 ಇಲಿಯ ಆಂಟಿಬಾಡಿ, ನಿನ್ನ ಸ್ಯಾಂಪಲ್ಲೂ ಇಲಿಯ ಮಿದುಳು. ಪ್ರೈಮರಿಯಾದ ಎಟಿ8ನ್ನು ಹಿಡಿದು ತೋರಿಸಬೇಕಾದ ಎರಡನೇ ಆಂಟಿಬಾಡಿ, ಅಂದರೆ ಸೆಕೆಂಡರಿ, ಆ ಮಿದುಳಿನ ರಕ್ತದಲ್ಲಿ ಉಳಿದ ಐಜಿಜಿಯ ದೊಡ್ಡ ತುಂಡಾದ ಹೆವಿ ಚೈನನ್ನೇ ಹಿಡಿಯುತ್ತಿದೆ, ಅದು ಕೂರುವುದೂ ಸರಿಯಾಗಿ 50ರಲ್ಲೇ. ಒಂದು ಪಟ್ಟಿ ಮೆಂಬ್ರೇನಿಗೆ ಪ್ರೈಮರಿ ಹಾಕದೆ ಸೆಕೆಂಡರಿ ಮಾತ್ರ ಹಾಕಿ ನೋಡು. ಗೆರೆ ಬಂದರೆ ವಯಲ್ ತಪ್ಪಿಲ್ಲ. ಐಜಿಜಿಯ ಸಣ್ಣ ತುಂಡಾದ ಲೈಟ್ ಚೈನನ್ನು ಮಾತ್ರ ಹಿಡಿಯುವ ಸೆಕೆಂಡರಿ ತಗೋ, ಆಗ ಬೇಡದ ಗೆರೆ 25ಕ್ಕೆ ಇಳಿಯುತ್ತದೆ. ಇಲ್ಲವೇ ಎಸ್‌ಡಿಎಸ್ ಡಿಟರ್ಜೆಂಟ್ ಸೇರಿಸುವ ಮುನ್ನ ಲೈಸೇಟನ್ನು (ಅರೆದ ಮಿದುಳಿನ ದ್ರವವನ್ನು) ಕುದಿಸಿ ಸ್ಪಿನ್ ಮಾಡು. ಐಜಿಜಿ ತಳಕ್ಕೆ ಹೋಗುತ್ತದೆ, ಟೌ ಬಿಸಿಗೆ ಜಗ್ಗದೆ ಮೇಲಿನ ದ್ರವದಲ್ಲೇ ಉಳಿಯುತ್ತದೆ.

ಎಟಿ8 ನೋಡುವುದು ಟೌನ ಸೆರಿನ್ 202, ಥ್ರಿಯೋನಿನ್ 205 ಅನ್ನುವ ಜಾಗಗಳ ಮೇಲಿನ ಫಾಸ್ಫೇಟನ್ನು. ಹಾಗಾಗಿ ಅದನ್ನು ಕಳಚುವ ಕಿಣ್ವಗಳನ್ನು ತಡೆಯಲು ಬಫರಿಗೆ ಸೋಡಿಯಂ ಫ್ಲೋರೈಡ್ ಬೇಕೇ ಬೇಕು. ಅರಿವಳಿಕೆ ಕೊಟ್ಟಾಗ ಇಲಿಯ ಮೈ ತಣ್ಣಗಾಗಲು ಬಿಡಬೇಡ, ತಣ್ಣಗಾದರೆ ಟೌ ಫಾಸ್ಫೊರಿಲೇಷನ್ ತಾನೇ ಏರುತ್ತದೆ. ಬ್ಲಾಕಿಂಗಿಗೆ (ಮೆಂಬ್ರೇನಿನ ಖಾಲಿ ಜಾಗ ಮುಚ್ಚಲು) ಹಾಲಿನ ಪುಡಿ ಬದಲು ಬಿಎಸ್ಎ ಪ್ರೋಟೀನ್ ಹಾಕು, ಹಾಲಿನ ಕೇಸಿನ್ನಿನಲ್ಲೇ ಫಾಸ್ಫೇಟ್ ಇದೆ. ಪಕ್ಕದಲ್ಲಿ ಟೌ-5 ಆಂಟಿಬಾಡಿ ಹಾಕಿ ಒಟ್ಟು ಟೌ ನೋಡು. ಡೈಲ್ಯೂಟ್ ಮಾಡಿದ ಪ್ರೈಮರಿಗೆ 0.02% ಸೋಡಿಯಂ ಅಜೈಡ್ ಹಾಕಿಟ್ಟರೆ ಮತ್ತೆ ಬಳಸಬಹುದು, ಆದರೆ ಎಚ್‌ಆರ್‌ಪಿ ಕಿಣ್ವ ಅಂಟಿಸಿದ ಸೆಕೆಂಡರಿಗೆ ಅಜೈಡ್ ಸೋಕಿಸಬೇಡ, ಕಿಣ್ವವೇ ನಿಂತುಹೋಗುತ್ತದೆ.

ಅಪ್ಪನಿಗೆ ಹೇಳು: ಈ ವಯಲ್ ಸಂಶೋಧನೆಗೆ ಮಾತ್ರ, ಅಜ್ಜಿಯ ಮರೆವಿಗೆ ಇದು ಪರೀಕ್ಷೆಯೂ ಅಲ್ಲ, ಔಷಧಿಯೂ ಅಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮೊದಲು ಬಿ12, ಥೈರಾಯ್ಡ್ ನೋಡಿಸಲಿ.

ದುಡ್ಡು ಉಳಿಯಿತು ಅಂತಲೇ ತಿಳಿ, ಖಂಡಿತ ಸರಿಹೋಗುತ್ತದೆ, ಏನೂ ಯೋಚನೆ ಮಾಡಬೇಡ. ಪಟ್ಟಿಯ ಫೋಟೋ ಕಳಿಸು. ಟ್ರಾಮಿಗೆ ಹೊತ್ತಾಯಿತು, ಎಲ್ಲರಿಗೂ ನಮಸ್ಕಾರ ತಿಳಿಸು.

ಇಂತಿ ನಿನ್ನ
ಅಕ್ಕ