ಮುನ್ನಾರ್‌ಗೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುನ್ನಾರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಜಾಸ್ತಿ. ಮಕ್ಕಳಿಗೆ, ಹಿರಿಯರಿಗೆ ಸ್ವೆಟರ್ ಮರೆಯಬೇಡಿ. ಘಾಟಿಯಲ್ಲಿ ತಿರುವುಗಳು ತುಂಬಾ. ವಾಂತಿ ಆಗುವವರು ಮುಂದಿನ ಸೀಟು ಕೇಳಿ ಪಡೆಯಿರಿ, ಸಂಕೋಚ ಬೇಡ.

ಮೊದಲು ಇರವಿಕುಳಂ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣ. ನೀಲಗಿರಿ ತಾರ್ ಎಂಬ ಕಾಡುಮೇಕೆ ಅಲ್ಲಿ ದಾರಿ ಪಕ್ಕದಲ್ಲೇ ಮೇಯುತ್ತಿರುತ್ತದೆ. ಹತ್ತಿರ ಬಂದರೂ ಮುಟ್ಟಬೇಡಿ, ಬಿಸ್ಕತ್ತು ಕೊಡಲೇಬೇಡಿ. ನಮ್ಮ ಗಾಡಿಯನ್ನು ಒಳಗೆ ಬಿಡುವುದಿಲ್ಲ, ಅರಣ್ಯ ಇಲಾಖೆಯ ಬಸ್ಸಿನಲ್ಲೇ ಹೋಗಬೇಕು. ಬೆಳಿಗ್ಗೆ ಬೇಗ ಹೋದರೆ ಕ್ಯೂ ಕಡಿಮೆ. ಮರಿ ಹಾಕುವ ಕಾಲವೆಂದು ಫೆಬ್ರವರಿ-ಮಾರ್ಚ್‌ನಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತಾರೆ, ಆದ್ದರಿಂದ ಆ ತಿಂಗಳುಗಳು ಬೇಡ. ನೀಲಕುರಿಂಜಿ ಹೂವಿನ ಬಗ್ಗೆ ಹಲವರು ಕೇಳಿದ್ದೀರಿ. ಅದು 12 ವರ್ಷಕ್ಕೊಮ್ಮೆ ಅರಳುವುದು, 2018ರಲ್ಲಿ ಅರಳಿತ್ತು. ಇನ್ನು 2030ಕ್ಕೇ.

ಚಹಾ ಮ್ಯೂಸಿಯಂಗೆ ಸೋಮವಾರ ರಜೆ. ಎಲೆ ಬಾಡಿಸಿ, ಅರೆದು, ಒಣಗಿಸುವುದನ್ನು ಅಲ್ಲಿ ನೋಡಬಹುದು.

ತೋಟಗಳು ಕಂಪನಿಯವರ ಆಸ್ತಿ. ಫೋಟೋಗೆಂದು ಸುಮ್ನೆ ಸಾಲುಗಳೊಳಗೆ ನುಗ್ಗುವುದು ಬೇಡ. ಕತ್ತರಿಸಿದ್ದು ಬೀಳಲೆಂದು ಡಬ್ಬಿ ಕಟ್ಟಿದ ಕತ್ತರಿ ಹಿಡಿದು ಹೆಂಗಸರು ಇಳಿಜಾರಿನಲ್ಲಿ ನಿಂತು ಚಿಗುರು ಕತ್ತರಿಸುತ್ತಿರುತ್ತಾರೆ. ಅದು ಅವರ ದುಡಿಮೆ, ಕೇಳದೆ ಮುಖಕ್ಕೆ ಮೊಬೈಲ್ ಹಿಡಿಯುವುದು ಸರಿಯಲ್ಲ ಅಲ್ವಾ? ಮಳೆಗಾಲವಾದರೆ ಇಂಬಳದ ಕಾಟವೂ ಇರುತ್ತದೆ, ಉದ್ದ ಸಾಕ್ಸ್ ತನ್ನಿ.

ಬರುವವರು ಇಲ್ಲೇ ಹೆಸರು ಹಾಕಿ.