ಇಮ್ದೀನಾಗೆ ಅರ್ಧ ಗಂಟೆ ಸಾಲಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುಟ ತಪ್ಪದೆ ಓದ್ತೀನಿ, ಯುರೋಪ್ ಅಂದ್ರೆ ಪ್ಯಾರಿಸ್ಸು ಸ್ವಿಟ್ಜರ್ಲೆಂಡೇ ಜಾಸ್ತಿ ಬರುತ್ತೆ, ಮಾಲ್ಟಾದ ಇಮ್ದೀನಾ ಬಗ್ಗೆನೂ ಬರೀರಿ ಅಂತ ಕೇಳ್ಕೊಳ್ಳೋಕೆ ಈ ಪತ್ರ. ಗುಡ್ಡದ ಮೇಲಿನ ಕೋಟೆ ಊರು, 1530ರಲ್ಲಿ ಸೇಂಟ್ ಜಾನ್ ಪಂಥದ ನೈಟ್‌ಗಳು (ಕ್ರೈಸ್ತ ಯೋಧರು) ಬರೋವರೆಗೂ ಮಾಲ್ಟಾ ದ್ವೀಪಕ್ಕೆ ಇದೇ ರಾಜಧಾನಿ ಆಗಿತ್ತು, ಈಗ ಒಳಗೆ ವಾಸ ಇರೋರು 300 ಜನನೂ ಇಲ್ಲ.

ನಮ್ಮ ಪ್ಯಾಕೇಜ್ ಟೂರ್‌ನೋರು ಕೊಟ್ಟಿದ್ದು ಅರ್ಧ ಗಂಟೆ, 1724ರ ಹೆಬ್ಬಾಗಿಲ ಹತ್ರ ಫೋಟೋ ತೆಗೆಯೋದ್ರಲ್ಲೇ ಮುಗೀತು. ಮನಸ್ಸು ತಡೀಲಿಲ್ಲ, ಮಾರನೇ ದಿನ ನಾನೂ ನಮ್ಮೆಜಮಾನ್ರೂ ಬಸ್ ಹಿಡ್ಕೊಂಡು ಮತ್ತೆ ಹೋದ್ವಿ. ಹೊರಗಿನ ಗಾಡಿಗಳನ್ನ ಸಲೀಸಾಗಿ ಒಳಗೆ ಬಿಡಲ್ಲ, ಹಾಗಾಗಿ ಓಣಿಲಿ ನಮ್ಮ ಚಪ್ಪಲಿ ಸದ್ದು ನಮಗೇ ಕೇಳ್ತಿತ್ತು, ಎರಡೂ ಕಡೆ ಜೇನುಬಣ್ಣದ ಸುಣ್ಣಕಲ್ಲಿನ ಗೋಡೆ, ಓಣಿ ನೇರ ಹೋಗಲ್ಲ ಬಾಗ್ತಾನೇ ಇರುತ್ತೆ, ಮುಂದೇನಿದೆ ಅಂತ ಹತ್ತು ಹೆಜ್ಜೆ ಹಾಕಿದ್ರೇನೇ ಗೊತ್ತಾಗೋದು. ಒಂದು ಬಾಗಿಲಿಗೆ ತಟ್ಟೋಕೆ ಅಂತ ಡಾಲ್ಫಿನ್ ಆಕಾರದ ಹಿತ್ತಾಳೆ ಹಿಡಿ ಇತ್ತು, ಅದರ ಬೆನ್ನು ಕೈ ತಾಗಿ ತಾಗಿ ಸವೆದು ಫಳಫಳ ಅಂತಿತ್ತು.

1693ರ ಭೂಕಂಪದಲ್ಲಿ ಊರಿನ ಹಳೇ ಕೆಥೆಡ್ರಲ್ (ಮುಖ್ಯ ಚರ್ಚು) ತೀರಾ ಹಾಳಾದ ಮೇಲೆ ಲೊರೆಂಜೊ ಗಫಾ ಅನ್ನೋ ವಾಸ್ತುಶಿಲ್ಪಿ ಈಗಿರೋದನ್ನ ಕಟ್ಟಿದ್ದು. ಅದರ ಎರಡು ಗೋಪುರದಲ್ಲೂ ಗಡಿಯಾರ ಇದೆ, ಒಂದು ಟೈಮ್ ತೋರಿಸುತ್ತೆ, ಇನ್ನೊಂದು ತಾರೀಖು!

ಹೋಗೋರು ದಯವಿಟ್ಟು ಸಂಜೆಗೆ ಹೋಗಿ, ಟೂರ್ ಬಸ್‌ಗಳು ಹೊರಟ ಮೇಲೆ ದೀಪ ಹತ್ತೋ ಹೊತ್ತಿಗೆ. ಕೋಟೆ ಅಂಚಿಂದ ಸಮುದ್ರದವರೆಗೂ ಕಾಣುತ್ತೆ. ಪಕ್ಕದ ರಬಾತ್‌ನಲ್ಲಿ ಬಟಾಣಿ ತುಂಬಿದ ಬಿಸಿ ಪಸ್ತೀತ್ಸಿ ಅನ್ನೋ ಪಫ್ ಥರದ ತಿಂಡಿ ಸಿಗುತ್ತೆ, ಸಸ್ಯಾಹಾರಿಗಳು ಹೂರಣ ಏನು ಅಂತ ಮೊದಲೇ ಕೇಳಿ ತಗೊಳ್ಳಿ.

— ನಿಮ್ಮ ಓದುಗಿ, ಮೈಸೂರು